ಹೆಸರು ಮಾತ್ರ ಕೊಟ್ಟರೆ ಅದು ವ್ಯಾಪಾರವೇ?

ಕರಾವಳಿಯ ಕ್ಯಾಥೊಲಿಕ್ ಧರ್ಮಪ್ರಾಂತ್ಯವೊಂದರ ಯುವ ಫಾದರ್. ಬಿಷಪರ ಅನುಮತಿಯಿಂದಲೇ ಅನುದಾನಿತ ಕಾಲೇಜಿನಲ್ಲಿ ಪಾಠ, ಜೊತೆಗೆ ಚರ್ಚಿನ ಕೆಲಸ. ನಿದ್ದೆ ಬರುವುದಿಲ್ಲವೆಂದು ನನ್ನ ಬಳಿ ಸಲಹೆಗೆ ಬಂದವರು. ಕಾರಣ ಹೊರಬಿದ್ದದ್ದು ಮೂರನೇ ಭೇಟಿಯಲ್ಲಿ: ಅಣ್ಣನ ಅಂಗಡಿಗೆ ಇವರು ಪಾಲುದಾರರಾಗಬೇಕು, ಅಂಗಡಿಯ ಸಾಲಕ್ಕೆ ಜಾಮೀನು ನಿಲ್ಲಬೇಕು ಎಂಬ ಒತ್ತಾಯ. ‘ಒಂದು ಸಹಿ ಹಾಕು ಮಾರಾಯ, ಗಲ್ಲಾದಲ್ಲಿ ಕೂರು ಅಂದೆನಾ?’ ಎಂದಿದ್ದರಂತೆ ಅಣ್ಣ.

ಫಾದರ್ ವಾದವೂ ಅದೇ: ‘ನಾನೇನು ವ್ಯಾಪಾರ ಮಾಡ್ತಿಲ್ಲ, ಹೆಸರು ಕೊಡ್ತೇನೆ ಅಷ್ಟೆ.’

ಈ ಮಾತಿಗೆಂದೇ ಬರೆದಂತಿದೆ ಕ್ಯಾಥೊಲಿಕ್ ಚರ್ಚಿನ ಕಾನೂನಾದ 1983ರ ಕೆನನ್ ಸಂಹಿತೆಯ 286ನೇ ವಿಧಿ. ಸ್ವತಃ ಆಗಲಿ ಇತರರ ಮೂಲಕವಾಗಲಿ, ತನ್ನ ಲಾಭಕ್ಕಾಗಲಿ ಇತರರ ಲಾಭಕ್ಕಾಗಲಿ, ಚರ್ಚ್ ಅಧಿಕಾರಿಯ ಅನುಮತಿಯಿಲ್ಲದೆ ಧರ್ಮಗುರುಗಳು ವ್ಯಾಪಾರ ಮಾಡುವಂತಿಲ್ಲ. ಪಾಠಕ್ಕೆ ಸಿಕ್ಕ ಅನುಮತಿ ಅಂಗಡಿಗೆ ಸಲ್ಲದು. 285ರ 4ನೇ ಉಪವಿಧಿಯಂತೆ, ಸ್ವಂತ ಆಸ್ತಿಯ ಮೇಲಾದರೂ ಬಿಷಪರ ಜೊತೆ ಸಮಾಲೋಚಿಸದೆ ಜಾಮೀನು ನಿಲ್ಲಬಾರದು. ಕಾರಣ ನಮೂದಿಸದ ಪ್ರಾಮಿಸರಿ ನೋಟಿಗಂತೂ (ಹಣ ಕೊಡುವೆನೆಂಬ ವಾಗ್ದಾನ ಪತ್ರಕ್ಕೆ) ಸಹಿಯೇ ಕೂಡದು. ದೇಶದ ಕಾನೂನೂ ಮೃದುವಲ್ಲ: 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಗೆ ಸಮ.

ಇಷ್ಟೆಲ್ಲ ಹೇಳಿದರೂ ಅವರು ಅಲುಗಲಿಲ್ಲ. ‘ಕಂತು ತಪ್ಪಿದರೆ ಬ್ಯಾಂಕಿನವರು ನಿಮ್ಮನ್ನು ಹುಡುಕಿಕೊಂಡು ಎಲ್ಲಿಗೆ ಬರ್ತಾರೆ?’ ಎಂದೆ. ತುಂಬ ಹೊತ್ತು ಸುಮ್ಮನಿದ್ದು, ‘ಪ್ಯಾರಿಷ್ ಆಫೀಸಿಗೆ’ ಎಂದರು. ಆಮೇಲೆ ಮೆಲ್ಲಗೆ, ‘ಕಾಣಿಕೆ ಎಣಿಸುವ ಮೇಜಿಗೆ.’

ಸಲಹೆ ಹೀಗಿತ್ತು. ಪಾಲುದಾರಿಕೆ ಬೇಡವೇ ಬೇಡ. ಜಾಮೀನಿನ ಯೋಚನೆ ಇನ್ನೂ ಇದ್ದರೆ ಸಹಿಗೆ ಮೊದಲು ಬಿಷಪರಿಗೆ ಪತ್ರ: ಸಾಲದ ಮೊತ್ತ, ಅವಧಿ, ತಿಂಗಳ ಕಂತು, ಅಣ್ಣನ ಹಳೆಯ ಸಾಲಗಳು, ಜೊತೆಗೆ ಕರಾರಿನ ಕರಡು. ಸಹಾಯ ಮಾಡಲೇಬೇಕೆಂದರೆ ಮರಳಿ ಬಾರದಿದ್ದರೂ ನಡೆಯುವಷ್ಟು ಹಣವನ್ನು ಸ್ವಂತ ಉಳಿತಾಯದಿಂದ ಕೊಡಿ. ಇವರು ಧರ್ಮಪ್ರಾಂತ್ಯದ ಗುರುವಾದ್ದರಿಂದ ಆ ದಾರಿ ಇತ್ತು. ಬಡತನದ ವ್ರತ ತೊಟ್ಟ ಸನ್ಯಾಸಿ ಸಭೆಗಳವರ ದುಡಿಮೆ ಅದೇ ಸಂಹಿತೆಯ 668ನೇ ವಿಧಿಯಂತೆ ಸಭೆಗೇ ಸೇರುತ್ತದೆ.

ಅಣ್ಣನಿಗೆ ‘ಬಿಷಪರು ಬಿಡುವುದಿಲ್ಲ’ ಎನ್ನಬೇಡಿ, ‘ನಾನು ಸಹಿ ಹಾಕುವುದಿಲ್ಲ’ ಎನ್ನಿ ಎಂದೂ ಹೇಳಿದ್ದೆ. ಇದು ಕಠಿಣವಾಯಿತು, ನಿಯಮದ ಮರೆ ಅವರಿಗೆ ಸಿಗಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರ ಆಕ್ಷೇಪ. ನಾನು ಒಪ್ಪುವುದಿಲ್ಲ. ಬಿಷಪರ ಹೆಸರು ಹೇಳಿದ್ದರೆ ಅಣ್ಣ ಮರುದಿನವೇ ಬಿಷಪರ ಮನೆಗೆ ಶಿಫಾರಸು ಹಿಡಿದು ಹೋಗುತ್ತಿದ್ದರು, ಫಾದರ್ ಮತ್ತೆ ನಡುವೆ ಸಿಕ್ಕಿಬೀಳುತ್ತಿದ್ದರು.

ಅಣ್ಣ ಎರಡು ತಿಂಗಳು ಮಾತು ಬಿಟ್ಟರು. ಹಾಗಾಗಬಹುದೆಂದು ಮೊದಲೇ ಹೇಳಿಟ್ಟಿದ್ದೆ.