ಓದುಗರ ಪ್ರಶ್ನೆ: ಬಾಂಬ್ ದಾಳಿಯಲ್ಲಿ ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು ಯಾಕೆ?

ಪ್ರಶ್ನೆ: ಒಂದೇ ವೈಮಾನಿಕ ದಾಳಿ. ಒಂದು ಸುದ್ದಿಯಲ್ಲಿ 30 ಜನ ಸತ್ತರು ಅಂತ ಬರುತ್ತದೆ, ಮತ್ತೊಂದರಲ್ಲಿ 90. ಬಾಂಬ್ ಹಾಕಿದ ಸೇನೆ ‘ನಾಗರಿಕರು ಯಾರೂ ಸತ್ತಿಲ್ಲ’ ಎನ್ನುತ್ತದೆ. ಎಲ್ಲರೂ ಸುಮ್ನೆ ಬಾಯಿಗೆ ಬಂದಿದ್ದು ಹೇಳ್ತಾರಾ? ಯಾರನ್ನು ನಂಬೋದು?

ಉತ್ತರ: ಸಂಖ್ಯೆ ದೊಡ್ಡದೋ ಚಿಕ್ಕದೋ ಅಂತ ಯೋಚಿಸುವ ಮೊದಲು, ಅದರ ಹಿಂದೆ ಒಂದು ಪಟ್ಟಿ ಇದೆಯಾ ಅಂತ ನೋಡಿ. ಹೆಸರು, ವಯಸ್ಸು, ಜಾಗ, ದಿನ, ಹೊತ್ತು ಬರೆದಿಟ್ಟವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಂಥ ಲೆಕ್ಕವನ್ನು ಬೇರೆಯವರು ತಾಳೆ ನೋಡಬಹುದು, ತಪ್ಪು ಹಿಡಿಯಬಹುದು. ಬರೀ ಸಂಖ್ಯೆಯಲ್ಲಿ ತಪ್ಪು ಹಿಡಿಯಲು ಏನೂ ಸಿಗುವುದಿಲ್ಲ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಡ್ರೆಸ್ಡನ್ ಸಾಕು. 1945ರ ಫೆಬ್ರುವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಜರ್ಮನಿಯ ಆ ನಗರವನ್ನು ಸುಟ್ಟುಹಾಕಿದವು. ಸತ್ತವರು 2 ಲಕ್ಷ ಎಂದು ನಾಜಿಗಳು ಪ್ರಚಾರ ಮಾಡಿದರು. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಆ ಅಂಕಿ ಬಾಯಿಂದ ಬಾಯಿಗೆ ಹೋಗುತ್ತಲೇ ಇತ್ತು. ಕೊನೆಗೆ ನಗರಾಡಳಿತವೇ ಇತಿಹಾಸಕಾರರ ಆಯೋಗ ನೇಮಿಸಿತು. ಅವರು ಶವ ಹೂಳಿದ ದಾಖಲೆ, ಮರಣ ನೋಂದಣಿ ಎಲ್ಲ ಜಾಲಾಡಿ 2010ರಲ್ಲಿ ವರದಿ ಕೊಟ್ಟರು. ಹೆಚ್ಚೆಂದರೆ 25,000. ಅದೇನು ಸಣ್ಣ ಸಂಖ್ಯೆಯೇ? ಆದರೆ ಉಬ್ಬಿಸಿದ ಲೆಕ್ಕ ಬಯಲಾದಾಗ, ನಿಜವಾಗಿ ಸತ್ತವರ ಮೇಲೂ ಜನರಿಗೆ ಅನುಮಾನ ಬರುತ್ತದೆ.

ಸೇನೆಗಳ ಲೆಕ್ಕ ಸಾಮಾನ್ಯವಾಗಿ ಇದರ ಉಲ್ಟಾ. ಐಸಿಸ್ ವಿರುದ್ಧ ಅಮೆರಿಕ ನೇತೃತ್ವದ ಮೈತ್ರಿಕೂಟ 2017ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಿರಿಯಾದ ರಕ್ಕಾ ನಗರದ ಮೇಲೆ ದಾಳಿ ನಡೆಸಿತು. ಅಲ್ಲಿ ಸತ್ತ ನಾಗರಿಕರು 1,600ಕ್ಕೂ ಜಾಸ್ತಿ ಎಂದು, ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಮತ್ತು ವೈಮಾನಿಕ ದಾಳಿಯ ಸಾವುಗಳ ದಾಖಲೆ ಇಡುವ ಏರ್‌ವಾರ್ಸ್ ಸಂಸ್ಥೆಗಳು 2019ರ ಏಪ್ರಿಲ್‌ನಲ್ಲಿ ಹೇಳಿದವು. ಆ ಹೊತ್ತಿಗೆ ಮೈತ್ರಿಕೂಟ ಒಪ್ಪಿಕೊಂಡಿದ್ದು 159.

ಬೇಕಂತಲೇ ಸುಳ್ಳು ಹೇಳ್ತಾರೆ ಅಂತ ನಾನು ಪ್ರತಿ ಸಲವೂ ಹೇಳುವುದಿಲ್ಲ. ಮೇಲಿಂದ ನೋಡುವವರಿಗೆ ತಾರಸಿ ಕಾಣುತ್ತದೆ, ಕೆಳಗೆ ಅಡಗಿ ಕೂತವರು ಕಾಣುವುದಿಲ್ಲ. 2017ರ ಮಾರ್ಚ್ 17ರಂದು ಇರಾಕ್‌ನ ಮೊಸುಲ್‌ನಲ್ಲಿ, ಅಲ್ ಜದೀದಾ ಬಡಾವಣೆಯ ಒಂದು ಕಟ್ಟಡದ ಮೇಲೆ ಅಡಗಿ ಗುಂಡು ಹೊಡೆಯುತ್ತಿದ್ದ ಐಸಿಸ್‌ನ ಇಬ್ಬರು ಸ್ನೈಪರ್‌ಗಳಿಗೆಂದು ಅಮೆರಿಕ ಬಾಂಬ್ ಹಾಕಿತು. ಕಟ್ಟಡವೇ ಕುಸಿಯಿತು. ಒಳಗೆ ಅಕ್ಕಪಕ್ಕದ ಮನೆಗಳ ಜನ ತುಂಬಿದ್ದರು. ಕನಿಷ್ಠ 105 ನಾಗರಿಕರು ಸತ್ತರೆಂದು ಕೊನೆಗೆ ಅಮೆರಿಕದ ತನಿಖೆಯೇ ಹೇಳಿತು. ಐಸಿಸ್ ಕೂಡಿಟ್ಟಿದ್ದ ಸ್ಫೋಟಕ ಸಿಡಿದು ಕಟ್ಟಡ ಬಿತ್ತು ಅಂತಲೂ ಸೇರಿಸಿತು. ಅದಕ್ಕೇ ‘ಯಾರೂ ಸತ್ತಿಲ್ಲ’ ಅನ್ನುವ ಹೇಳಿಕೆ ಬಂದರೆ ‘ನಮಗೆ ಇನ್ನೂ ಯಾರೂ ಕಂಡಿಲ್ಲ’ ಎಂದು ಓದಿಕೊಳ್ಳಿ.

ಇನ್ನು ನಿಮ್ಮ 30 ಮತ್ತು 90. ಎಷ್ಟೋ ಸಲ ಎರಡೂ ಸರಿಯೇ ಇರುತ್ತವೆ. ಒಂದು ಮೊದಲ ದಿನ ಹೊರಗೆ ತೆಗೆದ ಶವಗಳ ಲೆಕ್ಕ, ಇನ್ನೊಂದು ಒಂದು ವಾರ ಅವಶೇಷ ಅಗೆದ ಮೇಲಿನದು. ಸುದ್ದಿಯ ದಿನಾಂಕ ನೋಡಿದರೆ ಅರ್ಧ ಜಗಳ ಮುಗಿಯುತ್ತದೆ.

ಪ್ರಶ್ನೆ: ಯುದ್ಧ ನಡೆಯುವ ಜಾಗಕ್ಕೆ ಹೋಗದೆ, ಎಲ್ಲೋ ಕಂಪ್ಯೂಟರ್ ಮುಂದೆ ಕೂತವರು ಒಂದು ಸಾವನ್ನು ಹೇಗೆ ಖಚಿತ ಮಾಡುತ್ತಾರೆ?

ಉತ್ತರ: ಜಾಗ ಖಚಿತ ಮಾಡುವುದು ಅಂದುಕೊಂಡಷ್ಟು ಕಷ್ಟವಲ್ಲ. ಹನ್ನೆರಡು ಸೆಕೆಂಡಿನ ಒಂದು ವಿಡಿಯೊ ಅಂದುಕೊಳ್ಳಿ. ಹೊಗೆ, ಎಡಗಡೆ ಒಂದು ಮಿನಾರು, ತಿರುವಿನಲ್ಲಿ ವಿದ್ಯುತ್ ಕಂಬ, ಎದುರು ಮನೆ ಮೇಲೆ ಎರಡು ನೀರಿನ ಟ್ಯಾಂಕ್. ಇಷ್ಟನ್ನು ಉಪಗ್ರಹ ಚಿತ್ರದಲ್ಲಿ ಹುಡುಕುತ್ತಾರೆ. ಕಂಬದ ನೆರಳಿನ ಉದ್ದ ಮತ್ತು ದಿಕ್ಕಿನಿಂದ ಹೊತ್ತು ಸುಮಾರಾಗಿ ಗೊತ್ತಾಗುತ್ತದೆ. ದಾಳಿಗೆ ಮುಂಚಿನ ಚಿತ್ರದಲ್ಲಿದ್ದ ಮನೆ ಆಮೇಲಿನ ಚಿತ್ರದಲ್ಲಿ ಇರುವುದಿಲ್ಲ. ರಕ್ಕಾದಲ್ಲಿ ಯಾವ ಕಟ್ಟಡ ಯಾವಾಗ ಬಿತ್ತು ಅಂತ ಹುಡುಕಲು ಆಮ್ನೆಸ್ಟಿಯ ಜೊತೆ 124 ದೇಶಗಳ 3,000ಕ್ಕೂ ಹೆಚ್ಚು ಜನ ಹೀಗೆ ಚಿತ್ರ ನೋಡುತ್ತಾ ಕೂತಿದ್ದರು. ಬಾಂಬಿನ ಚೂರು ಸಿಕ್ಕು, ಅದರ ಮೇಲೆ ತಯಾರಕರ ಸಂಕೇತ ಉಳಿದಿದ್ದರೆ ಅದು ಯಾರದು ಅನ್ನುವುದಕ್ಕೂ ದಾರಿ ಸಿಗುತ್ತದೆ.

ನಿಜವಾದ ಕಷ್ಟ ಹೆಸರಿನದು. ಅರಬ್ ಜನರಲ್ಲಿ ಗಂಡಸರನ್ನು ಹಿರಿಮಗನ ಹೆಸರು ಹಿಡಿದು ಕರೆಯುವ ರೂಢಿ ಇದೆ. ‘ಅಬು ಅಹ್ಮದ್’ ಅಂದರೆ ಅಹ್ಮದನ ಅಪ್ಪ. ನೆರೆಯವರು ಕೊಟ್ಟ ಪಟ್ಟಿಯಲ್ಲಿ ‘ಅಬು ಅಹ್ಮದ್, ಅವರ ಹೆಂಡತಿ, ಮೂವರು ಮಕ್ಕಳು’ ಎಂದಿರುತ್ತದೆ. ಆಸ್ಪತ್ರೆಯ ಪಟ್ಟಿಯಲ್ಲಿ ಅದೇ ಮನುಷ್ಯನ ಸ್ವಂತ ಹೆಸರು, ತಂದೆ ಹೆಸರು, ತಾತನ ಹೆಸರು, ಜೊತೆಗೆ ಅವರ ಹೆಂಡತಿ, ಮಕ್ಕಳು. ಗಮನಿಸದಿದ್ದರೆ ಐದು ಜನರ ಮನೆ ಹತ್ತು ಜನರದ್ದಾಗುತ್ತದೆ! ಬೇರೆ ಲಿಪಿಗೆ ಇಳಿಸುವಾಗ ಮೊಹಮ್ಮದ್, ಮುಹಮ್ಮದ್, ಮೊಹಮ್ಮೆದ್ ಅಂತ ಒಬ್ಬನೇ ಮೂವರಾಗುವುದೂ ಉಂಟು. ಇತ್ತ ‘ಅವರ ಹೆಂಡತಿ’ಯ ಹೆಸರು ಯಾರೂ ಬರೆದಿರುವುದಿಲ್ಲ. ಹುಟ್ಟಿ ವಾರವಾದ ಕೂಸಿಗೆ ಹೆಸರೇ ಇಟ್ಟಿರುವುದಿಲ್ಲ. ಅವರನ್ನು ಬಿಡುವಂತಿಲ್ಲ. ‘ಹೆಸರು ತಿಳಿದಿಲ್ಲ, ಹೆಣ್ಣು, ಇಂಥವರ ತಾಯಿ’ ಎಂದು ಒಂದು ಸಾಲು ಕೊಟ್ಟು, ಹೆಸರಿನ ಜಾಗ ಖಾಲಿ ಇಡಬೇಕು.

ಎಲ್ಲ ಮಾಡಿದರೂ ಕೆಲವು ಘಟನೆಗಳು ಅರೆಬರೆ ಉಳಿಯುತ್ತವೆ. ಏರ್‌ವಾರ್ಸ್ ಪ್ರತಿ ಘಟನೆಗೂ ಕನಿಷ್ಠ, ಗರಿಷ್ಠ ಎರಡು ಸಂಖ್ಯೆ ಕೊಟ್ಟು, ಪುರಾವೆ ಗಟ್ಟಿಯೋ ದುರ್ಬಲವೋ ಎಂದೂ ಬರೆಯುತ್ತದೆ. ಒಂದೇ ಸಂಖ್ಯೆ ಕೊಡುವವರಿಗಿಂತ ಹೀಗೆ ಎರಡು ಕೊಡುವವರನ್ನು ನಾನು ಬೇಗ ನಂಬುತ್ತೇನೆ.

ಪ್ರಶ್ನೆ: ಸತ್ತವರು ನಾಗರಿಕರೇ ಅಂತ ಹೇಗೆ ಹೇಳುವುದು? ಹೋರಾಟಗಾರರೂ ಮಾಮೂಲಿ ಬಟ್ಟೆ ಹಾಕಿರುತ್ತಾರಲ್ಲ?

ಉತ್ತರ: ಪ್ರಶ್ನೆ ನ್ಯಾಯವಾದದ್ದೇ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೊಕಾಲ್‌ನ 50ನೇ ವಿಧಿ, ಅನುಮಾನ ಇದ್ದರೆ ನಾಗರಿಕ ಎಂದೇ ತಿಳಿಯಬೇಕು ಎನ್ನುತ್ತದೆ. ಆದರೆ ದಾಖಲೆ ಬರೆಯುವವರು ಅದೊಂದನ್ನೇ ಹಿಡಿದು ಕೂರುವುದಿಲ್ಲ. ಸಶಸ್ತ್ರ ಗುಂಪುಗಳು ತಮ್ಮವರು ಸತ್ತಾಗ ಪ್ರಕಟಿಸುವ ಶ್ರದ್ಧಾಂಜಲಿ ನೋಡುತ್ತಾರೆ, ನೆರೆಯವರನ್ನು ವಿಚಾರಿಸುತ್ತಾರೆ. ತಿಳಿಯದಿದ್ದರೆ ‘ತಿಳಿದಿಲ್ಲ’ ಎಂದೇ ಬರೆಯುತ್ತಾರೆ. ಗಾಜಾದ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿ ಹೆಸರು, ವಯಸ್ಸು, ಲಿಂಗ, ಗುರುತಿನ ಸಂಖ್ಯೆ ಇರುತ್ತವೆ. ಹೋರಾಟಗಾರರು, ನಾಗರಿಕರು ಎಂದು ಬೇರೆ ಮಾಡಿರುವುದಿಲ್ಲ. ಯಾರು ಸತ್ತರು ಅನ್ನುವುದಕ್ಕೆ ಆ ಪಟ್ಟಿ ಬೇಕು, ಅವರು ಯಾರ ಕಡೆಯವರು ಅನ್ನುವುದಕ್ಕೆ ಸಾಲದು.

ಮೇಲಿಂದ ಕ್ಯಾಮೆರಾದಲ್ಲಿ ನೋಡಿ ಹೇಳುವುದು ಎಷ್ಟು ಕೈಕೊಡುತ್ತದೆ ಅನ್ನುವುದಕ್ಕೆ ಕಾಬೂಲ್ ಇದೆ. 2021ರ ಆಗಸ್ಟ್ 29ರಂದು ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿಗೆ ಕ್ಷಿಪಣಿ ಹೊಡೆಯಿತು. ಕಾರಿನಲ್ಲಿ ಸ್ಫೋಟಕ ಇತ್ತು ಎಂದರು. ಪತ್ರಕರ್ತರು ಸಿಸಿಟಿವಿ ದೃಶ್ಯ ತೆಗೆಸಿ ನೋಡಿದರೆ, ಚಾಲಕ ಕಾರಿಗೆ ತುಂಬಿಸಿದ್ದು ಮನೆಗೆ ಒಯ್ಯಲು ನೀರಿನ ಕ್ಯಾನ್‌ಗಳು. ಸತ್ತ 10 ಜನರಲ್ಲಿ 7 ಮಕ್ಕಳು. ಸೆಪ್ಟೆಂಬರ್ 17ರಂದು ಅಮೆರಿಕ ತಪ್ಪಾಯಿತು ಎಂದಿತು.

ಪ್ರಶ್ನೆ: ನಾನು ವಿದ್ಯಾರ್ಥಿನಿ. ದಾಳಿಯ ವಿಡಿಯೊಗಳು ಕಣ್ಣಿಗೆ ಬೀಳುತ್ತಿರುತ್ತವೆ. ಉಳಿಸಿಟ್ಟರೆ ಯಾರಿಗಾದರೂ ಉಪಯೋಗ ಆಗುತ್ತಾ?

ಉತ್ತರ: ಆಗುತ್ತದೆ, ಸರಿಯಾಗಿ ಇಟ್ಟರೆ. 2017ರಲ್ಲಿ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಸಿರಿಯಾ ಯುದ್ಧದ ಸಾವಿರಾರು ವಿಡಿಯೊಗಳನ್ನು ಉಗ್ರವಾದಕ್ಕೆ ಸೇರಿದ್ದು ಎಂದು ತೆಗೆದುಹಾಕಿತ್ತು. ಹೊರಗೆ ನಕಲು ಇಟ್ಟುಕೊಂಡವರಿದ್ದರಿಂದ ಎಷ್ಟೋ ಉಳಿದವು. ನೀವು ಉಳಿಸುವಾಗ ಲಿಂಕ್, ಹಾಕಿದವರ ಖಾತೆ, ದಿನಾಂಕ, ನೀವು ಇಳಿಸಿಕೊಂಡ ಹೊತ್ತು ಬರೆದಿಡಿ. ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಮಾನ್ಯವಾಗಿ ಫೈಲ್ ಕುಗ್ಗುತ್ತದೆ, ಎಲ್ಲಿ, ಯಾವಾಗ ತೆಗೆದದ್ದು ಎಂಬ ಒಳಗಿನ ಮಾಹಿತಿ ಅಳಿದುಹೋಗುತ್ತದೆ. ಫೈಲಿನ ಹ್ಯಾಶ್ (ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಕೇತ) ತೆಗೆದಿಟ್ಟರೆ ಆಮೇಲೆ ಫೈಲನ್ನು ಯಾರೂ ತಿದ್ದಿಲ್ಲ ಎಂದು ಮುಂದೆ ತೋರಿಸಬಹುದು. ಸತ್ತವರ ಮನೆಯವರಿಗೆ ನೀವಾಗಿ ಮೆಸೇಜ್ ಮಾಡಲು ಹೋಗಬೇಡಿ. ಅದು ಅನುಭವಿಗಳ ಕೆಲಸ, ಆ ಮನೆಯವರ ಜೀವಕ್ಕೂ ಅಪಾಯ ಆಗಬಹುದು.

ಇನ್ನೊಂದು ಮಾತು. ಮೊದಲ ಸಲ ನೋಡುವಾಗ ಸೌಂಡ್ ಆಫ್ ಮಾಡಿ, ಪರದೆ ಚಿಕ್ಕದು ಮಾಡಿಕೊಳ್ಳಿ. ಚಿತ್ರಕ್ಕಿಂತ ಕೂಗು ಜಾಸ್ತಿ ದಿನ ಕಿವಿಯಲ್ಲಿ ಉಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಅಂತೂ ಬೇಡವೇ ಬೇಡ.