ಮೈಸೂರಿನಲ್ಲಿ ಎರಡು ದಿನ, ಮಕ್ಕಳು ಮತ್ತು ಹಿರಿಯರ ಜೊತೆ: ರಶ್ ಇಲ್ಲದ ದಿನ ಯಾವುದು?

ವಾರದ ನಡುವೆ ಹೋದರೆ ರಶ್ ತಪ್ಪುತ್ತೆ ಅಲ್ವಾ ಅಂತ ಕೇಳಿದ್ದೀರಿ. ತಪ್ಪುತ್ತೆ. ನಾವೂ ಹಾಗೇ ಲೆಕ್ಕ ಹಾಕಿ ಸೋಮವಾರ, ಮಂಗಳವಾರಕ್ಕೆ ರಜೆ ಹಾಕಿದ್ದೆವು. ಜೊತೆಗೆ ಅಮ್ಮ, ಅತ್ತೆ, ಮಕ್ಕಳು.

ಸೋಮವಾರ ಅರಮನೆಯೊಳಗೆ ತಳ್ಳಾಟವಿರಲಿಲ್ಲ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಅಮ್ಮ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಆದರೆ ಮಕ್ಕಳಿಗೆ ಬೇಕಿದ್ದದ್ದು ದೀಪ. ಸಂಜೆ ಗೇಟಿನ ಹತ್ತಿರ ನಿಂತರೆ ಕತ್ತಲು. ಸುಮಾರು ಒಂದು ಲಕ್ಷ ಬಲ್ಬು ಉರಿಯುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ. ಉಳಿದ ದಿನ ಧ್ವನಿ-ಬೆಳಕು ಪ್ರದರ್ಶನ ಮುಗಿದ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ಅತ್ತೆಗೆ ಮಂಡಿನೋವು, ಅಲ್ಲಿಯವರೆಗೆ ಯಾರು ಕಾಯುತ್ತಾರೆ?

ಹೋಗಲಿ, ನಾಳೆ ಝೂ ಇದೆಯಲ್ಲ ಅಂತ ಸಮಾಧಾನ ಮಾಡಿದೆ. ಬೆಳಿಗ್ಗೆ ಆಟೋದಿಂದ ಇಳಿದರೆ ಬೋರ್ಡು: ಮಂಗಳವಾರ ರಜೆ. ಸರಿ, ಪಕ್ಕದ ಕಾರಂಜಿ ಕೆರೆಗೆ ಹೋಗೋಣ ಅಂದರೆ ಅದನ್ನು ನೋಡಿಕೊಳ್ಳುವುದೂ ಝೂನವರೇ, ಅದಕ್ಕೂ ಮಂಗಳವಾರವೇ ರಜೆ! ಚಿಕ್ಕವನು ಅಲ್ಲೇ ಫುಟ್‌ಪಾತ್ ಮೇಲೆ ಕೂತುಬಿಟ್ಟ. ಅಂದರೆ ದೀಪವಿಲ್ಲದ ಸಂಜೆ, ಝೂ ಇಲ್ಲದ ಹಗಲು, ಎರಡನ್ನೂ ಹುಡುಕಿ ಆರಿಸಿದಂತಾಗಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಆದ್ದರಿಂದ ರಶ್ ಚಿಂತೆ ಬಿಡಿ. ಭಾನುವಾರ, ಸೋಮವಾರ ಹೋಗಿ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು ಹಿರಿಯರಿಗೆ ಬೇಡ, ಗಾಡಿಯಲ್ಲೇ ಹೋಗಿ. ಬರುವಾಗ ನಂದಿಯ ಹತ್ತಿರ ಇಳಿದರೆ ಸಾಕು. ಮಧ್ಯಾಹ್ನ ಎಲ್ಲರೂ ಮಲಗಲಿ, ಸಂಜೆ ಏಳರೊಳಗೆ ಅರಮನೆ ಮುಂದೆ ಇರಿ. ಜನ ಇರುತ್ತಾರೆ, ಇರಲಿ. ಅಷ್ಟು ದೀಪ ಒಮ್ಮೆಲೇ ಹೊತ್ತಿಕೊಂಡಾಗ ಸುತ್ತಲಿನವರೆಲ್ಲ 'ಹೋ' ಅನ್ನುವುದೇ ಅರ್ಧ ಮಜಾ. ಅರಮನೆ ಒಳಗೆ ಮತ್ತು ಝೂ ಸೋಮವಾರಕ್ಕೆ. ಬೃಂದಾವನ ಕೈಬಿಡಿ. ಅದೂ ಸಂಜೆಯ ಜಾಗವೇ, ಎರಡಕ್ಕೂ ಓಡಿದರೆ ಯಾವುದೂ ದಕ್ಕುವುದಿಲ್ಲ.

ಊಟಕ್ಕೆ ಟಾಪ್ ಹತ್ತು ಹೋಟೆಲ್ ಪಟ್ಟಿ ಕೇಳಿದ್ದೀರಿ. ಸುಮ್ನೆ ಯಾಕೆ? ಒಂದು ಬೆಳಿಗ್ಗೆ ನಜರಬಾದಿನಲ್ಲಿ ಮೈಲಾರಿ ದೋಸೆ ತಿನ್ನಿ, ಬೇಗ ಹೋಗಿ. ಗರಿಗರಿ ಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡಿ, ಅದು ಮೆತ್ತನೆ ದೋಸೆ, ಮೇಲೆ ಬೆಣ್ಣೆ. ಹೊರಡುವ ಮುಂಚೆ ದೇವರಾಜ ಮಾರುಕಟ್ಟೆ ಬಳಿಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಳ್ಳಿ. ಅರಮನೆಯಲ್ಲಿ ಅದನ್ನು ಮೊದಲು ಮಾಡಿದರೆನ್ನುವ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ ಅದು. ಉಳಿದ ಹೊತ್ತಿನ ಊಟ ರೂಮಿನ ಹತ್ತಿರ ಎಲ್ಲಾದರೂ ಆಗಲಿ.