ಗ್ಯಾಸ್ ಮಾತ್ರೆ ಇದೆ ಅಂತ ನೋವಿನ ಮಾತ್ರೆ ನುಂಗುತ್ತಲೇ ಇರಬಹುದಾ?

ಪ್ರಶ್ನೆ: ಅಮ್ಮನಿಗೆ 63. ಮಂಡಿನೋವಿಗೆ ಡಾಕ್ಟರು ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್ ಸೇರಿದ ಮಾತ್ರೆ, ಜೊತೆಗೆ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ 40 ಐದು ದಿನಕ್ಕೆ ಬರೆದಿದ್ದರು. ಅಮ್ಮ ಅದೇ ಚೀಟಿ ತೋರಿಸಿ ತಿಂಗಳಿಂದ ತರಿಸ್ತಿದ್ದಾರೆ. ಊಟ ಆದಮೇಲೆ ಎರಡನ್ನೂ ಒಟ್ಟಿಗೇ ನುಂಗ್ತಾರೆ. ಆದರೂ ಹೊಟ್ಟೆ ಉರಿ. ಬಿಪಿ ಮಾತ್ರೆಯೂ ಇದೆ. ಏನು ಮಾಡಲಿ?
(ಓದುಗರು, ದಾವಣಗೆರೆ)

ಉತ್ತರ: ಜೋಡಿ ತಪ್ಪಲ್ಲ, ಹೊತ್ತು ತಪ್ಪಿದೆ. ಪ್ಯಾಂಟೊಪ್ರಜೋಲನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ತಿಂಡಿ ಹೊಟ್ಟೆಗೆ ಬಿದ್ದಾಗ ಆಸಿಡ್ ಜಾಸ್ತಿ ಸುರಿಯುತ್ತದೆ, ಅಷ್ಟರಲ್ಲಿ ಮಾತ್ರೆ ರಕ್ತ ಸೇರಿರಬೇಕು. ಜಗಿಯಬಾರದು, ಪುಡಿ ಮಾಡಲೂಬಾರದು. ನೋವಿನ ಮಾತ್ರೆ ಮಾತ್ರ ಊಟ ಆದಮೇಲೆ.

ಆದರೆ ನನಗೆ ಚಿಂತೆ ಇರೋದು ಆ 'ತಿಂಗಳಿಂದ' ಅನ್ನೋ ಮಾತಿನ ಬಗ್ಗೆ. ನೋವು, ಊತ ತರುವ ಒಂದು ವಸ್ತು ಮೈಯಲ್ಲಿ ತಯಾರಾಗುತ್ತದೆ, ನೋವಿನ ಮಾತ್ರೆಯಲ್ಲಿರುವ ಅಸೆಕ್ಲೋಫೆನಾಕ್ ಅದನ್ನು ತಡೆಯುತ್ತದೆ. ಕಷ್ಟ ಏನಂದ್ರೆ ಹೊಟ್ಟೆಯ ಒಳಪದರವನ್ನು ಕಾಯೋದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳೋದೂ ಅದೇ ಬಗೆಯ ವಸ್ತುಗಳೇ. ಹಾಗಾಗಿ ಈ ಬಗೆಯ ಔಷಧಿಯನ್ನು ಇಂಜೆಕ್ಷನ್ ಆಗಿ ತಗೊಂಡರೂ ಹೊಟ್ಟೆಗೆ ಪೆಟ್ಟು ತಪ್ಪಲ್ಲ. ಗ್ಯಾಸ್ ಮಾತ್ರೆ ಹೊಟ್ಟೆಯನ್ನಷ್ಟೇ ಕಾಯುತ್ತದೆ, ಕಿಡ್ನಿಯನ್ನಲ್ಲ, ಬಿಪಿಯನ್ನೂ ಅಲ್ಲ. ನೋವಿನ ಮಾತ್ರೆಯಿಂದ ಬಿಪಿ ಏರಬಹುದು. ಬಿಪಿ ಮಾತ್ರೆಯಲ್ಲಿ ಮೂತ್ರ ಹೋಗಿಸುವ ಔಷಧಿ ಸೇರಿದ್ದರಂತೂ ಕಿಡ್ನಿಗೆ ಇನ್ನೂ ಭಾರ.

ಸ್ಟ್ರಿಪ್ಪಿನ ಒಂದು ಬದಿಗೆ ಉದ್ದಕ್ಕೆ ಕೆಂಪು ಗೀಟು ಇರುತ್ತದೆ, ನೋಡಿ. ಡಾಕ್ಟರು ಹೇಳದೆ ತಗೋಬೇಡಿ ಅಂತ ಅದರರ್ಥ. ಹಳೇ ಚೀಟಿಗೆ ಮತ್ತೆ ಮತ್ತೆ ಕೊಡುವ ಅಂಗಡಿಯವರಿಗೂ ಇದು ಗೊತ್ತು, ಬಿಡಿ.

ಸದ್ಯಕ್ಕೆ ನೋವಿನ ಮಾತ್ರೆ ನಿಲ್ಲಿಸಿ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದರ ಸ್ಟ್ರಿಪ್ಪನ್ನೂ ಒಯ್ಯಿರಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್, ರಕ್ತ ಕಡಿಮೆಯಾಗಿದೆಯಾ ಅಂತ ತಿಳಿಯಲು ಹಿಮೋಗ್ಲೋಬಿನ್ ನೋಡಿಸಿ. ಅಲ್ಲಿಯವರೆಗೆ ನೋವಿಗೆ ಬರೀ ಪ್ಯಾರಾಸಿಟಮಾಲ್ 650 ಸಾಕು, ಆರು ಗಂಟೆ ಅಂತರದಲ್ಲಿ, ದಿನಕ್ಕೆ ಮೂರು ದಾಟದಂತೆ. ಲಿವರ್ ತೊಂದರೆ ಇದ್ದರೆ ಅದನ್ನೂ ಕೇಳಿಯೇ ಕೊಡಿ. ಹಳೇ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದೆ, ಎರಡನ್ನೂ ಸೇರಿಸಬೇಡಿ.

ಇನ್ನೊಂದು, ಕೇಳೋಕೆ ಮುಜುಗರ ಅನಿಸಿದರೂ ಇವತ್ತೇ ಕೇಳಿ: ಅಮ್ಮನಿಗೆ ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗ್ತಿದೆಯಾ? ಹೌದು ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ವಾರ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ.